ಓಲೆಗರಿಯಿಂದ ಅಂತರಜಾಲದವರೆಗೆ

ಬರವಣಿಗೆಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಕವಿಗಳಿಂದ ಆರಂಭಿಸುತ್ತಾರೆ. ನಾನು ಇಂದು ಪ್ರತಿ ಮಾಡಿದವರಿಂದ ಆರಂಭಿಸಬೇಕೆಂದಿದ್ದೇನೆ. ಕವಿ ಒಂದು ಸಾರಿ ಬರೆಯುತ್ತಾನೆ. ಆ ಬರಹ ನಮ್ಮವರೆಗೆ ಬಂದು ಮುಟ್ಟಬೇಕಾದರೆ ಅದನ್ನು ಯಾರೋ ಮತ್ತೆ ಮತ್ತೆ ಬರೆದಿರಬೇಕು, ಅಚ್ಚು ಹಾಕಿಸಿರಬೇಕು, ಹೊತ್ತು ತಂದಿರಬೇಕು. ಒಂದು ಕಾಲದಲ್ಲಿ ಬಹಳ ಕಷ್ಟದ್ದಾಗಿದ್ದ ಈ ಕೆಲಸ ಇಂದು ಬೆರಳ ತುದಿಯಿಂದ ಒಮ್ಮೆ ಮುಟ್ಟಿದರೆ ಮುಗಿಯುತ್ತದೆ. ಅಂತರಜಾಲವು ನಮ್ಮ ಬರವಣಿಗೆಯನ್ನೂ ಆಲೋಚನೆಯನ್ನೂ ಜನ ಒಟ್ಟುಗೂಡುವ ಬಗೆಯನ್ನೂ ಹೇಗೆ ಮಾರ್ಪಡಿಸುತ್ತಿದೆ ಎಂದು ಕೇಳುವವರು ಈ ಒಂದು ಸಂಗತಿಯ ಜಾಡು ಹಿಡಿದು ಹೊರಡಬಹುದೆಂದು ನನಗೆ ತೋರುತ್ತದೆ. ಪ್ರತಿ ಮಾಡುವ, ಹಂಚುವ ಶ್ರಮ ಇಲ್ಲವಾದಾಗ ಆ ಶ್ರಮದ ಜೊತೆಯಲ್ಲಿ ಇನ್ನೇನು ಇಲ್ಲವಾಯಿತು? ಇದೇ ಇಂದಿನ ನನ್ನ ಪ್ರಶ್ನೆ.

ಹತ್ತನೆಯ ಶತಮಾನದ ಅತ್ತಿಮಬ್ಬೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು ಅವಳೇ. ಆ ಕೃತಿಯ ಕಾಲ 993. ಅವಳು ಮಾಡಿದ ಇನ್ನೊಂದು ಕೆಲಸವೂ ಅಷ್ಟೇ ದೊಡ್ಡದು. ತನ್ನ ತಂದೆ ಮಲ್ಲಪಯ್ಯನ ಆಶ್ರಯದಲ್ಲಿ ಪೊನ್ನನು ರಚಿಸಿದ್ದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅವಳು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಸಾವಿರ ಪ್ರತಿಗಳೆಂದರೆ ಎಂಥ ಕೆಲಸವೆಂಬುದನ್ನು ಒಮ್ಮೆ ಊಹಿಸಿಕೊಳ್ಳಬೇಕು. ಓಲೆಗರಿಗಳನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ರಂಧ್ರ ಕೊರೆಯಬೇಕು. ಲಿಪಿಕಾರನು ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಗರಿ ಹರಿಯದಂತೆ ಕೊರೆಯಬೇಕು. ಆಮೇಲೆ ಮಸಿಯನ್ನು ತೇಯ್ದು ಒರೆಸಿದಾಗ ಅಕ್ಷರ ಕಣ್ಣಿಗೆ ಕಾಣುತ್ತದೆ. ಇಷ್ಟು ಮಾಡಿಯೂ ತಪ್ಪುಗಳು ನುಸುಳುತ್ತವೆ. ಆದುದರಿಂದಲೇ ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಓದುಗರನ್ನು ಬೇಡಿಕೊಳ್ಳುವ ವಾಡಿಕೆಯುಂಟು.

ಇದೇ ಪೊನ್ನನು ಭುವನೈಕರಾಮಾಭ್ಯುದಯವೆಂಬ ಮತ್ತೊಂದು ಕಾವ್ಯವನ್ನು ಬರೆದಿದ್ದನು. ಅದು ಇಂದು ನಮಗೆ ಉಪಲಬ್ಧವಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳ ಗತಿಯೂ ಅಷ್ಟೆ. ಸಾವಿರ ಪ್ರತಿಗಳಾಗಿ ನಾಡಿನಲ್ಲಿ ಹರಡಿದ ಕಾವ್ಯ ಉಳಿಯಿತು, ಅಂಥ ಪೋಷಣೆ ದೊರೆಯದ ಕಾವ್ಯ ಅಳಿಯಿತು. ಉಳಿವಿಗೆ ಕಾರಣ ಇದೊಂದೇ ಎಂದು ನಾನು ವಾದಿಸಲಾರೆ. ಆದರೆ ಓಲೆಗರಿ ಕೆಲವು ನೂರು ವರ್ಷಗಳಲ್ಲಿ ಹುಳು ತಿಂದು, ಹುಡಿಯಾಗಿ ಹೋಗುವ ವಸ್ತು. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ‘ಇದು ಉಳಿಯಬೇಕು’ ಎಂದು ನಿಶ್ಚಯಿಸಿ, ಅದಕ್ಕಾಗಿ ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಕುಳಿತರೆ ಮಾತ್ರ ಗ್ರಂಥ ಮುಂದಕ್ಕೆ ದಾಟುತ್ತಿತ್ತು. ಹೀಗಾಗಿ ಪ್ರತಿ ಮಾಡುವುದೆಂದರೆ ಆಯ್ಕೆ ಮಾಡುವುದೂ ಆಗಿತ್ತು. ಈ ಆಯ್ಕೆ ಎಲ್ಲ ಕಾಲದಲ್ಲೂ ನ್ಯಾಯವಾಗಿತ್ತೆಂದು ಹೇಳಲು ಬರುವುದಿಲ್ಲ. ಬರೆಯಿಸುವ ಶಕ್ತಿ ಇದ್ದವರು ಕೆಲವರೇ. ಅಕ್ಷರ ಬಲ್ಲವರು ಇನ್ನೂ ಕಡಿಮೆ. ಎಷ್ಟೋ ಜನರ ಮಾತು ಗರಿಯ ಮೇಲೆ ಏರಲೇ ಇಲ್ಲ. ಶ್ರಮದಲ್ಲಿ ವಿವೇಕವಿದ್ದಂತೆ ಅನ್ಯಾಯವೂ ಇತ್ತೆಂಬುದನ್ನು ಮೊದಲಲ್ಲೇ ಒಪ್ಪಿಕೊಂಡು ಮುಂದುವರಿಯೋಣ.

ಕನ್ನಡಕ್ಕೆ ಮುದ್ರಣ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಸೇರಾಂಪುರದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಹದಿನೈದು ದಿನಗಳಿಗೊಮ್ಮೆ ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿದ್ದ ಆ ಪತ್ರಿಕೆಯೇ ಕನ್ನಡದ ಮೊದಲ ವೃತ್ತಪತ್ರಿಕೆ. ಇಲ್ಲಿಂದ ಮುಂದೆ ಲಿಪಿಕಾರನ ಕೆಲಸ ಹಲವರ ನಡುವೆ ಹಂಚಿಹೋಯಿತು. ಮೊಳೆ ಜೋಡಿಸುವವನೊಬ್ಬ, ಕರಡಚ್ಚು ತಿದ್ದುವವನೊಬ್ಬ, ಯಾವುದು ಅಚ್ಚಾಗಬೇಕು ಯಾವುದು ಬೇಡ ಎಂದು ನಿರ್ಧರಿಸುವ ಸಂಪಾದಕನೊಬ್ಬ. 1867ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ಕಾಯಿದೆಯ ಪ್ರಕಾರ ಅಚ್ಚಾದ ಪ್ರತಿಯೊಂದು ಪುಸ್ತಕದ ಮೇಲೆ, ಪತ್ರಿಕೆಯ ಮೇಲೆ ಮುದ್ರಕನ ಹೆಸರೂ ಮುದ್ರಣಾಲಯದ ಊರೂ ಇರಬೇಕಾಯಿತು. ಆಳುವವರಿಗೆ ಅದು ಕಾವಲಿನ ಉಪಾಯವಾಗಿದ್ದಿರಬಹುದು. ಓದುವವರಿಗೆ ಅದರಿಂದ ಒಂದು ಅನುಕೂಲವೂ ಆಯಿತು. ಕೈಯಲ್ಲಿ ಹಿಡಿದ ಹಾಳೆ ಎಲ್ಲಿಂದ ಬಂತು, ಅದಕ್ಕೆ ಹೊಣೆ ಯಾರು ಎಂಬುದು ಹಾಳೆಯ ಮೇಲೆಯೇ ತಿಳಿಯುತ್ತಿತ್ತು.

ಮುದ್ರಣದ ಯುಗದಲ್ಲಿಯೂ ಶ್ರಮ ಕಡಿಮೆಯಾಯಿತೇ ಹೊರತು ಮಾಯವಾಗಲಿಲ್ಲ. ಫ. ಗು. ಹಳಕಟ್ಟಿಯವರನ್ನು ನೆನೆಯಿರಿ. ವಕೀಲರಾಗಿದ್ದ ಅವರು ವಚನಗಳ ಓಲೆಗರಿಗಳಿಗಾಗಿ ಮನೆಮನೆ, ಮಠಮಠ ಅಲೆದರು. ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಬಿಚ್ಚದೆ ಉಳಿದಿದ್ದ ಕಟ್ಟುಗಳನ್ನು ಬಿಚ್ಚಿ ಓದಿ, ಪ್ರತಿ ಮಾಡಿಕೊಂಡು, ಪಾಠಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ತರುವಾಯ ಇದ್ದ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಂದು ‘ವಚನ ಸಂಚಯ’ವೆಂಬ ಅಂತರಜಾಲ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯಾರು ಬೇಕಾದರೂ ಓದಬಹುದು. ಒಂದು ಶಬ್ದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಹಳಕಟ್ಟಿಯವರು ಇದನ್ನು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಅಂತರಜಾಲದ ವಿಷಯದಲ್ಲಿ ಅನುಮಾನದಿಂದ ಮಾತನಾಡುವವರು ಮೊದಲು ಈ ಲಾಭವನ್ನು ತಕ್ಕಡಿಯಲ್ಲಿ ಇಡಬೇಕು.

ಆದರೆ ಒಂದು ವ್ಯತ್ಯಾಸವನ್ನೂ ಕಾಣಬೇಕು. ಗರಿಯ ಕಟ್ಟನ್ನು ಮೊದಲಿನಿಂದ ಕೊನೆಯವರೆಗೆ ಓದಿದವನಿಗೆ ತಾನು ಹುಡುಕದೆ ಇದ್ದುದೂ ಸಿಕ್ಕುತ್ತಿತ್ತು. ‘ಕಾಯಕ’ವೆಂಬ ಮಾತನ್ನು ಅರಸಿ ಹೊರಟವನಿಗೆ ದಾರಿಯಲ್ಲಿ ಹಸಿವಿನ ಮಾತು, ಸಂಶಯದ ಮಾತು, ಜಗಳದ ಮಾತು ಎಲ್ಲವೂ ಎದುರಾಗುತ್ತಿದ್ದುವು. ಅವನ ಪ್ರಶ್ನೆಯೇ ದಾರಿಯಲ್ಲಿ ಬದಲಾಗುತ್ತಿತ್ತು. ಶಬ್ದ ಕೊಟ್ಟು ಹುಡುಕುವವನಿಗೆ ಕೇಳಿದ್ದಷ್ಟೇ ಸಿಕ್ಕುತ್ತದೆ. ಅವನ ಪ್ರಶ್ನೆ ಹೋದ ಹಾಗೆಯೇ ಹಿಂದಿರುಗುತ್ತದೆ. ಆಲೋಚನೆಯ ಮೇಲೆ ಈ ಹೊಸ ಸಾಧನ ಮಾಡುತ್ತಿರುವ ಪರಿಣಾಮಗಳಲ್ಲಿ ಇದೂ ಒಂದು ಎಂದು ನನ್ನ ಎಣಿಕೆ. ನೆನಪು ಕುಂದುತ್ತದೆಯೆಂಬ ದೂರು ಬಹಳ ಹಳೆಯದು. ಬರವಣಿಗೆಯಿಂದಲೇ ಜನ ಮರೆಗುಳಿಗಳಾಗುವರೆಂದು ಆಕ್ಷೇಪಿಸುವ ಈಜಿಪ್ಟಿನ ಅರಸನೊಬ್ಬನ ಕತೆಯನ್ನು ಗ್ರೀಸಿನ ಪ್ಲೇಟೋ ತನ್ನ ಫೀಡ್ರಸ್ ಸಂವಾದದಲ್ಲಿ ಹೇಳಿದ್ದಾನೆ. ಆ ದೂರಿನ ಹೊರತಾಗಿಯೂ ಮನುಷ್ಯ ಬರೆದನು, ಬರೆದು ಇನ್ನೂ ಹೆಚ್ಚು ಯೋಚಿಸಿದನು. ನೆನಪಿಗಿಂತ ಹೆಚ್ಚಾಗಿ ನಾವು ಚಿಂತಿಸಬೇಕಾದದ್ದು ತಡೆದು ಓದುವ ಅಭ್ಯಾಸದ ವಿಷಯವನ್ನು.

ಅಂತರಜಾಲದ ಹುಟ್ಟನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1969ರ ಅಕ್ಟೋಬರ್ 29ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಶ್ವವಿದ್ಯಾಲಯದ ಗಣಕದಿಂದ ಇನ್ನೊಂದು ಸಂಶೋಧನಾ ಸಂಸ್ಥೆಯ ಗಣಕಕ್ಕೆ ‘ಲಾಗಿನ್’ ಎಂಬ ಪದವನ್ನು ಕಳಿಸಲು ಯತ್ನಿಸಿದರು. ಮೊದಲೆರಡು ಅಕ್ಷರ ಹೋಗುವಷ್ಟರಲ್ಲಿ ಯಂತ್ರ ಕೆಟ್ಟು ನಿಂತಿತು. 1989ರಲ್ಲಿ ಜಿನೀವಾದ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ, ದಾಖಲೆಯಿಂದ ದಾಖಲೆಗೆ ಕೊಂಡಿ ಹಾಕುವ ‘ವೆಬ್’ ಎಂಬ ಜಾಲದ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಯಾರಿಂದಲೂ ಹಣ ಕೇಳದೆ ಲೋಕದ ಉಪಯೋಗಕ್ಕೆ ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

ಕನ್ನಡವು ಈ ಜಾಲದೊಳಗೆ ಸುಲಭವಾಗಿ ಪ್ರವೇಶಿಸಲಿಲ್ಲ. ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಎಲ್ಲರೂ ಒಪ್ಪಿಕೊಂಡಿದ್ದರೆ ಮಾತ್ರ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬಹುದು. ಮೊದಮೊದಲು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಖ್ಯಾಕ್ರಮವಿತ್ತು. ಒಂದರಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತಿತ್ತು. ಕಾಗುಣಿತ, ಒತ್ತಕ್ಷರಗಳಿಂದ ತುಂಬಿದ ನಮ್ಮ ಲಿಪಿಯನ್ನು ಇಂಗ್ಲಿಷಿಗಾಗಿ ಮಾಡಿದ ಕೀಲಿಮಣೆಯಲ್ಲಿ ಹೇಗೆ ಅಡಗಿಸುವುದು ಎಂಬುದು ಇನ್ನೊಂದು ತೊಡಕು. ಕೆ. ಪಿ. ರಾಯರು ಇದಕ್ಕೊಂದು ಪರಿಹಾರ ಕಂಡುಹಿಡಿದರು. ಉಚ್ಚಾರಣೆಯನ್ನು ಅನುಸರಿಸಿ ಅಕ್ಷರಗಳನ್ನು ಕೀಲಿಗಳ ಮೇಲೆ ಇಟ್ಟು, ವ್ಯಂಜನಗಳನ್ನು ಕೂಡಿಸಲು ಒಂದೇ ಕೀಲಿಯನ್ನು ಗೊತ್ತುಮಾಡಿದರು. ಸಾವಿರಾರು ಸಂಯುಕ್ತಾಕ್ಷರಗಳು ಆ ಒಂದು ಕೀಲಿಯ ಬಲದಿಂದ ಕೈವಶವಾದುವು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಗಣಕದಲ್ಲಿ ಕನ್ನಡಕ್ಕೆ ಸರಿಯಾದ ಸ್ಥಾನ ಸಿಗಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ಎತ್ತಿದ ದನಿ ಸಾಹಿತ್ಯಾಸಕ್ತರಿಗೆ ನೆನಪಿದೆ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಅದು ನಮ್ಮ ಮೇಜಿನ ಗಣಕಗಳಿಗೆ ಇಳಿದು ಬರಲು ಹತ್ತು ವರ್ಷ ಹಿಡಿಯಿತು.

ಈ ಕೆಲಸ ನಡೆಯದಿದ್ದರೆ ಏನಾಗುತ್ತಿತ್ತು? ಮೊಬೈಲ್ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೂಢಿಯನ್ನು ನಾವೆಲ್ಲ ಕಂಡಿದ್ದೇವೆ. ಹ್ರಸ್ವ ದೀರ್ಘಗಳ, ಲಕಾರ ಳಕಾರಗಳ ಭೇದವೆಲ್ಲ ಅಲ್ಲಿ ಕಲಸಿಹೋಗುತ್ತದೆ. ಅದೇ ನಮ್ಮ ಬರವಣಿಗೆಯ ಏಕೈಕ ರೂಪವಾಗಿ ನಿಂತುಬಿಡುವ ಸಂಭವವಿತ್ತು. ಹಾಗಾಗದೆ ಇದ್ದುದಕ್ಕೆ ಕಾರಣ ಕೆಲವೇ ಜನರ ಹಲವು ವರ್ಷಗಳ ಶ್ರಮ. ಅತ್ತಿಮಬ್ಬೆಯ ಲಿಪಿಕಾರರ ಸಾಲಿನಲ್ಲಿಯೇ ಇವರನ್ನೂ ಕೂರಿಸಬೇಕೆಂದು ನನ್ನ ಅಭಿಪ್ರಾಯ.

ಇದರಿಂದ ಬರವಣಿಗೆಯಲ್ಲಿ ಆದ ಬದಲಾವಣೆ ಅಲ್ಪವಲ್ಲ. ಹಿಂದೆ ಲೇಖಕನಾಗಬೇಕೆಂದವನು ಸಂಪಾದಕನ ಬಾಗಿಲಲ್ಲಿ ಕಾಯಬೇಕಾಗಿತ್ತು. ಈಗ ಆ ಬಾಗಿಲು ಇಲ್ಲ. ಕುಂದಾಪುರದ ನುಡಿ, ಕಲಬುರಗಿಯ ನುಡಿ, ಧಾರವಾಡದ ನುಡಿ ಆಡಿದಂತೆಯೇ ಬರಹವಾಗುತ್ತಿವೆ. ಮನೆವಾರ್ತೆಯ ನಡುವೆ ನಾಲ್ಕು ಸಾಲು ಬರೆಯುವ ಗೃಹಿಣಿ, ಸಮುದ್ರದಾಚೆಗೆ ನೆಲಸಿ ತಾಯ್ನುಡಿಯನ್ನು ನೆನೆಯುವ ಕನ್ನಡಿಗ, ಗಣಕವು ಓದಿ ಹೇಳುವ ಧ್ವನಿಯ ನೆರವಿನಿಂದ ಬರೆಯುವ ಅಂಧ ವಿದ್ಯಾರ್ಥಿ, ಇವರೆಲ್ಲರಿಗೂ ಓದುಗರು ದೊರೆತಿದ್ದಾರೆ. ಓಲೆಗರಿಯ ಕಾಲದ ಅನ್ಯಾಯಕ್ಕೆ ಇದೊಂದು ಪರಿಹಾರವೆನ್ನಬೇಕು. ಆದರೆ ಸಂಪಾದಕನು ಬಾಗಿಲು ಕಾಯುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದನು. ‘ಇದು ನಿಜವೆ? ನಿಮಗೆ ಯಾರು ಹೇಳಿದರು? ಎರಡನೆಯ ಪುಟದಲ್ಲಿ ಹೇಳಿದ್ದಕ್ಕೂ ಐದನೆಯ ಪುಟದಲ್ಲಿ ಹೇಳಿದ್ದಕ್ಕೂ ಹೊಂದಿಕೆಯೆಲ್ಲಿ?’ ಎಂದು ಕೇಳುತ್ತಿದ್ದನು. ಬಾಗಿಲನ್ನು ಕಿತ್ತುಹಾಕಿದಾಗ ಈ ಕೇಳುವವನೂ ಹೊರಟುಹೋದನು. ಬರೆದ ಗಳಿಗೆಗೂ ಪ್ರಕಟವಾದ ಗಳಿಗೆಗೂ ನಡುವೆ ಇದ್ದ ಬಿಡುವು, ಕೋಪ ಇಳಿಯಲು ಅವಕಾಶ ಕೊಡುತ್ತಿದ್ದ ಬಿಡುವು, ಅವನೊಂದಿಗೆ ಹೋಯಿತು. 2022ರ ಕೊನೆಯಿಂದೀಚೆಗೆ ಕೇಳಿದ ವಿಷಯದ ಮೇಲೆ ತಾನೇ ಪ್ರಬಂಧ ಹೊಸೆದುಕೊಡುವ ಯಂತ್ರಗಳು ಸಾಮಾನ್ಯರ ಕೈಗೂ ಬಂದಿವೆ. ವಾಕ್ಯವನ್ನು ಕಟ್ಟುವ ಶ್ರಮವೂ ಇನ್ನು ತಪ್ಪಬಹುದು. ನಮ್ಮಲ್ಲಿ ಹಲವರಿಗೆ ತಾವು ಏನು ಯೋಚಿಸುತ್ತಿದ್ದೇವೆಂಬುದು ವಾಕ್ಯ ಕಟ್ಟುವಾಗಲೇ ತಿಳಿಯುವುದರಿಂದ, ಈ ಉಳಿತಾಯ ಎಷ್ಟರ ಮಟ್ಟಿಗೆ ಲಾಭವೆಂಬುದನ್ನು ನಿಧಾನವಾಗಿ ವಿಚಾರಿಸಬೇಕು.

ಈಗ ಮೂರನೆಯ ವಿಷಯಕ್ಕೆ, ಜನ ಒಟ್ಟುಗೂಡುವ ರೀತಿಗೆ ಬರುತ್ತೇನೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಕರ್ನಾಟಕ ಒಂದಾದದ್ದು 1956ರ ನವೆಂಬರ್ 1ರಂದು. ಇಷ್ಟು ದೀರ್ಘಕಾಲ ಒಂದು ಆಸೆಯನ್ನು ಜೀವಂತವಾಗಿ ಇಟ್ಟುಕೊಂಡದ್ದು ಯಾವುದು? ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಪ್ರಸಿದ್ಧವಾಗಿದೆ. ಒಂದು ಪುಸ್ತಕ ಮಾರಲು ಒಂದು ಮನೆಯ ಜಗುಲಿಯಲ್ಲಿ ಕುಳಿತು ಮಾತನಾಡಬೇಕು. ಆ ಮನೆಯವರ ಪರಿಚಯವಾಗುತ್ತದೆ. ಮುಂದೊಂದು ದಿನ ಸಭೆ ಕೂಡಿಸಬೇಕಾದಾಗ ಯಾರನ್ನು ಕೇಳಬೇಕು, ಯಾರು ಮಾತಿಗೆ ತಪ್ಪುವುದಿಲ್ಲ ಎಂಬುದು ಅದಾಗಲೇ ತಿಳಿದಿರುತ್ತದೆ. ಪುಸ್ತಕ ಹಂಚುವ ಶ್ರಮವೇ ತನಗೆ ತಿಳಿಯದಂತೆ ಸಂಘಟನೆಯನ್ನು ಕಟ್ಟುತ್ತಿತ್ತು.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ ಎಂಬುದಕ್ಕೆ ಹೊರಗಿನ ಒಂದು ದೃಷ್ಟಾಂತ ಕೊಡುತ್ತೇನೆ. ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ 1955ರ ಡಿಸೆಂಬರ್ 1ರಂದು, ಬಸ್ಸಿನಲ್ಲಿ ಬಿಳಿಯರಿಗಾಗಿ ಸೀಟು ಬಿಡಲೊಪ್ಪದ ಕರಿಯ ಮಹಿಳೆ ರೋಸಾ ಪಾರ್ಕ್ಸ್ ಬಂಧನಕ್ಕೊಳಗಾದರು. ಅಂದು ರಾತ್ರಿ ಅಲ್ಲಿನ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಇಬ್ಬರು ವಿದ್ಯಾರ್ಥಿಗಳನ್ನು ಜೊತೆಮಾಡಿಕೊಂಡು, ಬಸ್ಸು ಹತ್ತಬೇಡಿರೆಂಬ ಕರಪತ್ರವನ್ನು ಬೆಳಗಿನವರೆಗೆ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಪ್ರತಿ ತೆಗೆದರು. ಅವನ್ನು ಕಟ್ಟುಕಟ್ಟಾಗಿ ಶಾಲೆಗಳಿಗೆ, ಅಂಗಡಿಗಳಿಗೆ, ಕ್ಷೌರದ ಅಂಗಡಿಗಳಿಗೆ ಮುಟ್ಟಿಸುವ ಜನ ಮೊದಲೇ ಸಿದ್ಧರಿದ್ದರು; ಅವರ ಮಹಿಳಾ ಸಂಘ ವರ್ಷಗಳಿಂದ ಈ ಕೆಲಸಕ್ಕೆ ತಯಾರಿ ನಡೆಸಿತ್ತು. ಬಹಿಷ್ಕಾರ 381 ದಿನ ನಡೆಯಿತು. ಅಷ್ಟು ದಿನ ಜನರನ್ನು ಕೆಲಸಕ್ಕೆ ಕರೆದೊಯ್ಯಲು ಸ್ವಂತ ಕಾರುಗಳ ವ್ಯವಸ್ಥೆಯನ್ನು ಕಟ್ಟಿ, ಎಲ್ಲಿ ಹತ್ತಬೇಕು ಎಲ್ಲಿ ಇಳಿಯಬೇಕು ಎಂದು ಗೊತ್ತುಮಾಡಿ, ಹಣ ಕೂಡಿಸಿ, ಲೆಕ್ಕ ಇಟ್ಟರು. ಕೊನೆಗೆ ನ್ಯಾಯಾಲಯದ ತೀರ್ಪು ಅವರ ಪರವಾಗಿ ಬಂತು.

ಇದರ ಎದುರಿಗೆ 2011ರ ಈಜಿಪ್ಟನ್ನು ಇಟ್ಟು ನೋಡಿ. ಹಿಂದಿನ ವರ್ಷ ಅಲೆಕ್ಸಾಂಡ್ರಿಯಾದಲ್ಲಿ ಪೊಲೀಸರ ಹೊಡೆತಕ್ಕೆ ಸಿಕ್ಕಿ ಸತ್ತ ಖಾಲೆದ್ ಸಯೀದ್ ಎಂಬ ಯುವಕನ ಹೆಸರಿನಲ್ಲಿ, ವಾಯಿಲ್ ಘೋನಿಮ್ ಎಂಬ ತಂತ್ರಜ್ಞರು ಫೇಸ್‌ಬುಕ್‌ನಲ್ಲಿ ಒಂದು ಪುಟ ತೆರೆದಿದ್ದರು. ಜನವರಿ 25ರಂದು ಬೀದಿಗಿಳಿಯಬೇಕೆಂಬ ಕರೆ ಆ ಪುಟದ ಮೂಲಕ ಅಸಂಖ್ಯ ಜನರನ್ನು ಮುಟ್ಟಿತು. ಕೈರೋ ನಗರದ ತಹ್ರೀರ್ ಚೌಕ ತುಂಬಿತು. ಸರ್ಕಾರ ಸುಮಾರು ಐದು ದಿನ ಇಡೀ ದೇಶದ ಅಂತರಜಾಲವನ್ನೇ ಕತ್ತರಿಸಿತು, ಜನ ಚದುರಲಿಲ್ಲ. ಹದಿನೆಂಟು ದಿನಗಳಲ್ಲಿ, ಫೆಬ್ರವರಿ 11ರಂದು, ಮೂವತ್ತು ವರ್ಷ ಆಳಿದ ಹೊಸ್ನಿ ಮುಬಾರಕ್ ಅಧಿಕಾರ ಬಿಟ್ಟರು. ಇಂಥ ವೇಗವನ್ನು ಚರಿತ್ರೆ ಹಿಂದೆ ಕಂಡದ್ದು ಅಪರೂಪ. ಆದರೆ ಮುಂದಿನ ದಿನ ಏನು ಮಾಡಬೇಕೆಂದು ಕೂಡಿ ನಿಶ್ಚಯಿಸಬಲ್ಲ ಸಂಸ್ಥೆ ಆ ಯುವಕರಲ್ಲಿ ಇರಲಿಲ್ಲ. ದೇಶದಲ್ಲಿ ಅಂಥ ಕಟ್ಟುಪಾಡು ಇದ್ದದ್ದು ಎರಡಕ್ಕೆ: ಹಳೆಯ ಧಾರ್ಮಿಕ ಸಂಘಟನೆಯೊಂದಕ್ಕೆ ಮತ್ತು ಸೈನ್ಯಕ್ಕೆ. 2012ರ ಚುನಾವಣೆಯಲ್ಲಿ ಮೊದಲನೆಯದು ಗೆದ್ದಿತು. 2013ರ ಜುಲೈ 3ರಂದು ಎರಡನೆಯದು ಅದನ್ನು ಇಳಿಸಿತು. ತುರ್ಕಿಯ ಸಮಾಜಶಾಸ್ತ್ರಜ್ಞೆ ಜೈನೆಪ್ ತುಫೆಕ್ಚಿ 2017ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನೇ ವಿಶ್ಲೇಷಿಸಿದ್ದಾರೆ. ಹಿಂದೆ ದೊಡ್ಡ ಮೆರವಣಿಗೆಯೊಂದು ನಡೆದರೆ ಅದು ವರ್ಷಗಳ ಸಿದ್ಧತೆಯ ಫಲವಾಗಿರುತ್ತಿತ್ತು, ಈಗ ಅದು ಕೆಲಸದ ಮೊದಲ ದಿನ ಮಾತ್ರ ಎಂಬುದು ಅವರ ಪ್ರತಿಪಾದನೆಯ ಸಾರ.

ಒಳ್ಳೆಯ ಉದ್ದೇಶದ ಕರೆಯಷ್ಟೇ ವೇಗವಾಗಿ ಭಯವೂ ಹರಡಬಲ್ಲದು. ಇದನ್ನು ಕಾಣಲು ಕೈರೋವರೆಗೆ ಹೋಗಬೇಕಾಗಿಲ್ಲ. 2012ರ ಜುಲೈಯಲ್ಲಿ ಅಸ್ಸಾಮಿನ ಕೋಕ್ರಝಾರ್ ಸೀಮೆಯಲ್ಲಿ ಗಲಭೆಗಳಾದುವು. ಆಗಸ್ಟ್ ನಡುವಿನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆಯೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ, ಅಂತರಜಾಲದಲ್ಲಿ ಹಬ್ಬಿತು. ವಿದ್ಯಾರ್ಥಿಗಳು, ಕಾವಲುಗಾರರು, ಹೋಟೆಲುಗಳಲ್ಲಿ ದುಡಿಯುತ್ತಿದ್ದವರು ಕೈಗೆ ಸಿಕ್ಕಿದ ಚೀಲ ಹಿಡಿದು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಾವಿರಾರು ಜನ ನಗರ ಬಿಟ್ಟರು. ಭಯವಿಲ್ಲವೆಂದು ಸರ್ಕಾರ ಹೇಳಿದ ಮಾತಿಗಿಂತ ಹೆಸರಿಲ್ಲದ ಸಂದೇಶವೇ ಅವರಿಗೆ ನಂಬಿಕೆಗೆ ಅರ್ಹವೆನಿಸಿತು. ಆಗ ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸಬಾರದೆಂದು ನಿರ್ಬಂಧ ಹಾಕಿತು.

ಆರು ವರ್ಷಗಳ ಮೇಲೆ, 2018ರ ಜುಲೈಯಲ್ಲಿ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದ ಪ್ರಯಾಣಿಕರನ್ನು ಮಕ್ಕಳ ಕಳ್ಳರೆಂದು ಬಗೆದು ಜನ ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಪ್ರಾಣ ಕಳೆದುಕೊಂಡನು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳು ಸುದ್ದಿ ಅವರು ಓಡಿಸುತ್ತಿದ್ದ ಕಾರಿಗಿಂತ ಬೇಗನೆ ಮುಂದಿನ ಹಳ್ಳಿಯನ್ನು ಮುಟ್ಟಿತ್ತು. ದೇಶದ ಬೇರೆ ಕಡೆಗಳಲ್ಲಿಯೂ ಇಂಥ ಕೊಲೆಗಳು ನಡೆದಿದ್ದುವು. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಲಾಗದಂತೆ ಮಾಡುವುದಾಗಿ ಪ್ರಕಟಿಸಿತು.

2012ರಲ್ಲಿ ಸರ್ಕಾರ, 2018ರಲ್ಲಿ ಕಂಪನಿ, ಇಬ್ಬರೂ ಬಂದು ನಿಂತದ್ದು ಐದು ಎಂಬ ಸಂಖ್ಯೆಗೆ. ಇದರಲ್ಲಿ ಚರಿತ್ರೆಯ ವಿದ್ಯಾರ್ಥಿ ಓದಬೇಕಾದ ಅರ್ಥವಿದೆ. ಪ್ರತಿ ಮಾಡುವ ಶ್ರಮವನ್ನು ತೆಗೆದುಹಾಕಿ ಸಂಭ್ರಮಿಸಿದ ಲೋಕ, ಅದರ ಒಂದು ತುಣುಕನ್ನು ಕೃತಕವಾಗಿಯಾದರೂ ಮರಳಿ ಪ್ರತಿಷ್ಠಾಪಿಸಬೇಕಾಯಿತು. ಕಂಟ ಹಿಡಿದ ಕೈ ನೋಯುತ್ತಿದ್ದುದರಿಂದ ಲಿಪಿಕಾರ ಕಂಡದ್ದನ್ನೆಲ್ಲ ಪ್ರತಿ ಮಾಡುತ್ತಿರಲಿಲ್ಲ. ನೋವೇ ಇಲ್ಲದ ಬೆರಳಿಗೆ ‘ಐದು ಸಾಕು’ ಎಂದು ಹೊರಗಿನವರು ಹೇಳಬೇಕಾಗಿ ಬಂತು.

ಹಾಗಾದರೆ ಹಳೆಯ ಕಾಲಕ್ಕೆ ಹಿಂದಿರುಗೋಣವೆ? ಅದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಹಳೆಯ ಶ್ರಮವನ್ನೂ ಹೊಸ ವೇಗವನ್ನೂ ಜೊತೆಗೂಡಿಸಿದ ನಿದರ್ಶನಗಳು ನಮ್ಮ ಕಣ್ಣ ಮುಂದೆಯೇ ಇವೆ. 2020ರ ನವೆಂಬರಿನಿಂದ ಒಂದು ವರ್ಷಕ್ಕೂ ಮೇಲ್ಪಟ್ಟು ದೆಹಲಿಯ ಗಡಿಗಳಲ್ಲಿ ಕುಳಿತ ರೈತರ ಬೇಡಿಕೆಗಳ ಸರಿತಪ್ಪುಗಳು ಇಲ್ಲಿನ ವಿಚಾರವಲ್ಲ. ಅವರು ಕುಳಿತ ರೀತಿ ಮಾತ್ರ ವಿಚಾರಯೋಗ್ಯವಾದದ್ದು. ಅವರ ಕೈಯಲ್ಲಿ ಮೊಬೈಲ್ ಇತ್ತು. ಅದರ ಹಿಂದೆ ಹಳ್ಳಿಹಳ್ಳಿಗಳಲ್ಲಿ ಬೇರುಬಿಟ್ಟ ಹಳೆಯ ರೈತ ಸಂಘಗಳಿದ್ದುವು. ದವಸ ಕಳಿಸುವವರ, ಅಡುಗೆ ಮಾಡುವವರ, ಸರದಿಯಂತೆ ಬಂದು ಕುಳಿತುಕೊಳ್ಳುವವರ ಏರ್ಪಾಟು ಇತ್ತು. ಅಷ್ಟು ಸಾಲದೆಂದು 2020ರ ಡಿಸೆಂಬರಿನಲ್ಲಿ ‘ಟ್ರಾಲಿ ಟೈಮ್ಸ್’ ಎಂಬ ಪತ್ರಿಕೆಯನ್ನು ಪಂಜಾಬಿ ಹಿಂದಿಗಳಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿ ಹಂಚಿದರು. 2021ರ ನವೆಂಬರಿನಲ್ಲಿ ಆ ಮೂರು ಕಾಯಿದೆಗಳು ಸಂಸತ್ತಿನಲ್ಲಿ ರದ್ದಾದುವು.

ಬರವಣಿಗೆಯ ಕ್ಷೇತ್ರದಲ್ಲಿ ನನಗೆ ಭರವಸೆ ಕೊಡುವುದು ಕನ್ನಡ ವಿಕಿಪೀಡಿಯ. 2003ರಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು; ಯಾರು ಬೇಕಾದರೂ ತಿದ್ದಬಹುದು. ಆದರೆ ಯಾವ ಮಾತನ್ನು ಯಾವ ಹೊತ್ತಿನಲ್ಲಿ ಯಾವ ಕೈ ತಿದ್ದಿತು ಎಂಬುದರ ದಾಖಲೆ ಅಳಿಯದೆ ಉಳಿದಿರುತ್ತದೆ. ಆಧಾರವಿಲ್ಲದ ಮಾತಿಗೆ ಆಧಾರ ಕೊಡಿರೆಂಬ ಚೀಟಿ ಅಂಟುತ್ತದೆ. ಒಪ್ಪದವರು ಪಕ್ಕದ ಪುಟದಲ್ಲಿ ವಾದ ಮಾಡಬೇಕು. ಹೊರಟುಹೋದನೆಂದು ನಾನು ಹೇಳಿದ ಆ ಕೇಳುವವನನ್ನು ಇಲ್ಲಿ ಹಲವರು ಸೇರಿ, ಸಂಬಳವಿಲ್ಲದೆ, ಮತ್ತೆ ಕರೆತಂದಿದ್ದಾರೆ. ವಚನಗಳನ್ನು ಅಂತರಜಾಲಕ್ಕೆ ಏರಿಸಿದವರೂ ಇಂಥದೇ ಮನಸ್ಸಿನವರು.

1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿ, ಆಕಾಶವಾಣಿ ಎಂಬ ಹೆಸರನ್ನು ಬಳಕೆಗೆ ತಂದರು. ಒಬ್ಬರು ಆಡಿದ ಮಾತು ಏಕಕಾಲಕ್ಕೆ ಲಕ್ಷ ಜನರನ್ನು ಮುಟ್ಟುವುದು ಅಂದಿನವರಿಗೆ ಎಂಥ ಬೆರಗು! ಆದುದರಿಂದಲೇ ಇಲ್ಲಿ ಮಾತನಾಡುವವರು ಮೊದಲು ಬರೆದುಕೊಂಡು, ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಿ, ತಿದ್ದಿ ಆಮೇಲೆ ಓದಬೇಕೆಂಬ ಪದ್ಧತಿ ಬೆಳೆಯಿತು. ಮಾತು ಹೆಚ್ಚು ದೂರ ಹೋಗುವುದಾದರೆ ಆಡುವ ಮೊದಲು ಹೆಚ್ಚು ಹೊತ್ತು ತಡೆಯಬೇಕೆಂಬುದನ್ನು ಆ ತಲೆಮಾರು ಕಂಡುಕೊಂಡಿತ್ತು. ಈಗ ಅಂಥ ಶಕ್ತಿ ಪ್ರತಿಯೊಬ್ಬರ ಜೇಬಿನಲ್ಲಿದೆ. ಅದಕ್ಕೆ ತಕ್ಕ ಪದ್ಧತಿಗಳು ತಾವಾಗಿ ಹುಟ್ಟುವುದಿಲ್ಲ. ಲಿಪಿಕಾರನ ವಿನಯ, ಕರಡು ತಿದ್ದುವವನ ಕಣ್ಣು, ಜಗುಲಿಯಲ್ಲಿ ಕುಳಿತು ಪರಿಚಯ ಬೆಳೆಸಿದವನ ತಾಳ್ಮೆ, ಇವನ್ನು ಹಿಂದೆ ಕಷ್ಟವೇ ಕಲಿಸುತ್ತಿತ್ತು. ಇನ್ನು ಮುಂದೆ ನಮ್ಮ ಶಾಲೆಗಳು, ಪತ್ರಿಕೆಗಳು, ಗ್ರಂಥಾಲಯಗಳು ಅವನ್ನು ತಿಳಿದು ಕಲಿಸಬೇಕಾಗಿದೆ. ನಮ್ಮ ಮಕ್ಕಳು ಸಂದೇಶವೊಂದನ್ನು ಮುಂದಕ್ಕೆ ದಾಟಿಸುವ ಮೊದಲು, ಇದು ಉಳಿಯಬೇಕಾದ ಮಾತೇ ಎಂದು ಒಂದು ಗಳಿಗೆ ಯೋಚಿಸುವಂತಾದರೆ, ಅತ್ತಿಮಬ್ಬೆ ಸಾವಿರ ಪ್ರತಿ ಬರೆಯಿಸುವ ಮೊದಲು ಕೇಳಿಕೊಂಡಿರಬಹುದಾದ ಪ್ರಶ್ನೆಯನ್ನೇ ಅವರೂ ಕೇಳಿಕೊಂಡಂತಾಗುತ್ತದೆ.